ಮಾಡಿದ್ದು ಅಮ್ಮ, ಹೆಸರು ಮಗಳದ್ದು

(ಗುರುತು ಸಿಗದಂತೆ ಹೆಸರು, ಊರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಂದೆ ತಾಯಿಯ ಒಪ್ಪಿಗೆ ಇದೆ.)

ಸಿರಿಗೆ ಎಂಟೂವರೆ ವರ್ಷ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಖಾಸಗಿ ಶಾಲೆಯಲ್ಲಿ ಮೂರನೆಯ ತರಗತಿ. ತಂದೆ ಸಹಕಾರ ಸಂಘವೊಂದರಲ್ಲಿ ಲೆಕ್ಕಿಗರು. ತಾಯಿ ಬಿ.ಎಡ್. ಮಾಡಿದವರು, ಮಗಳು ಹುಟ್ಟಿದ ಮೇಲೆ ಶಾಲೆಯ ಕೆಲಸ ಬಿಟ್ಟಿದ್ದಾರೆ. ಮನೆಯಲ್ಲಿ ತಂದೆಯ ತಾಯಿಯೂ ಇದ್ದಾರೆ. ಭಾನುವಾರ ಸಂಜೆಯಾದರೆ ಮಗುವಿಗೆ ಹೊಟ್ಟೆನೋವು. ಉಗುರು ಕಚ್ಚಿ ಕಚ್ಚಿ ಬೆರಳ ತುದಿಯೆಲ್ಲ ಕೆಂಪು. ಯಾವ ಕೆಲಸ ಕೊಟ್ಟರೂ ಒಂದೇ ಮಾತು: "ನನಗೆ ಬರುವುದಿಲ್ಲ, ನೀನೇ ಮಾಡು." ಮಕ್ಕಳ ವೈದ್ಯರು ಪರೀಕ್ಷಿಸಿ, ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಎಂದು ಹೇಳಿ ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಕಳುಹಿಸಿದ್ದರು.

ತಾಯಿ ಕುಳಿತ ತಕ್ಷಣ ಹೇಳಿದ್ದು ಇದು: "ಮೇಡಂ, ನಾನು ಬರೀ ಬಾಯಿಪಾಠ ಮಾಡಿಸುವವಳಲ್ಲ. ಎಲ್ಲವನ್ನೂ ಆಟವಾಡಿಸುತ್ತಲೇ, ಕೈಯಿಂದ ಮಾಡಿಸುತ್ತಲೇ ಕಲಿಸುತ್ತೇನೆ. ಆದರೂ ಇವಳು ಹೀಗೇಕೆ?" ಮೊಬೈಲ್ ತೆರೆದು ಚಿತ್ರಗಳನ್ನು ತೋರಿಸಿದರು. ಥರ್ಮೊಕೋಲಿನ ಸೌರವ್ಯೂಹ, ರಟ್ಟಿನ ಗುಣಾಕಾರ ಚಕ್ರ, ಅಡುಗೆ ಸೋಡಾ ಉಕ್ಕಿಸುವ ಜ್ವಾಲಾಮುಖಿ, ಐಸ್‌ಕ್ರೀಂ ಕಡ್ಡಿಯ ಸೇತುವೆ. ಎಲ್ಲವೂ ಅಚ್ಚುಕಟ್ಟು, ಒಂದು ಗೆರೆಯೂ ಸೊಟ್ಟಗಿಲ್ಲ. ಆದರೆ ಕೆಲಸ ನಡೆಯುತ್ತಿರುವ ಚಿತ್ರಗಳಲ್ಲಿ ಕತ್ತರಿ ಹಿಡಿದ ಕೈಯಲ್ಲಿ ಬಳೆಗಳಿದ್ದವು. ಸಿರಿ ಕಾಣಿಸುವುದು ಕೊನೆಯ ಚಿತ್ರದಲ್ಲಿ ಮಾತ್ರ, ಮುಗಿದ ಮಾದರಿಯ ಪಕ್ಕದಲ್ಲಿ ನಿಂತು.

(ಸೋಡಾ–ಲಿಂಬೆರಸದ ಜ್ವಾಲಾಮುಖಿಯ ಬಗ್ಗೆ ನನ್ನದೊಂದು ತಕರಾರಿದೆ. ಅಲ್ಲಿ ಉಕ್ಕುವುದು ಹುಳಿಯೂ ಸೋಡಾವೂ ಸೇರಿ ಹುಟ್ಟುವ ಇಂಗಾಲದ ಡೈಆಕ್ಸೈಡ್. ಭೂಮಿಯೊಳಗಿನ ಕರಗಿದ ಬಂಡೆಯ ಬಗ್ಗೆ ಅದು ಮಗುವಿಗೆ ಏನನ್ನೂ ಹೇಳುವುದಿಲ್ಲ. ಆದರೂ ವರ್ಷಾವರ್ಷ ಪ್ರತಿ ಪ್ರದರ್ಶನದಲ್ಲೂ ಉಕ್ಕುತ್ತಲೇ ಇದೆ.)

ಮೊದಲು ಕಲಿಕಾ ನ್ಯೂನತೆ ಇದೆಯೇ ಎಂದು ನೋಡಬೇಕಿತ್ತು. ಓದು, ಬರವಣಿಗೆ, ಲೆಕ್ಕ ಮೂರೂ ವಯಸ್ಸಿಗೆ ತಕ್ಕಂತಿದ್ದವು. ಆಮೇಲೆ ಒಂದು ಮುದ್ದೆ ಜೇಡಿಮಣ್ಣು ಕೊಟ್ಟು, ಏನು ಬೇಕಾದರೂ ಮಾಡು ಎಂದೆ. ಅವಳು ಮೇಜಿನ ಮೇಲೆಲ್ಲ ಕಣ್ಣಾಡಿಸಿ "ಮಾದರಿ ಎಲ್ಲಿದೆ ಮಿಸ್?" ಎಂದು ಕೇಳಿದಳು. ಇಲ್ಲ ಎಂದಾಗ ಗೋಲಿಯಷ್ಟು ಮಣ್ಣು ಕಿತ್ತು ಉಂಡೆ ಮಾಡಿ ನನ್ನ ಕಡೆಗೆ ತಳ್ಳಿದಳು. "ಸರಿ ಇದೆಯಾ?"

ಇನ್ನೊಂದು ದಿನ ನೀರಿನ ಆಟ. ಎರಡು ಒಂದೇ ಅಳತೆಯ ಲೋಟಗಳ ತುಂಬ ನೀರು. ಒಂದನ್ನು ಉದ್ದನೆಯ ಸಪೂರ ಬಾಟಲಿಗೆ, ಇನ್ನೊಂದನ್ನು ಅಗಲವಾದ ಬೋಗುಣಿಗೆ ಅವಳ ಕೈಯಿಂದಲೇ ಸುರಿಸಿದೆ. ಯಾವುದರಲ್ಲಿ ಹೆಚ್ಚು ನೀರಿದೆ? ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಮುಂದಿಟ್ಟ ಹಳೆಯ ಪ್ರಶ್ನೆ ಇದು. ಏಳು ವರ್ಷದ ಆಸುಪಾಸಿನಲ್ಲಿ ಹೆಚ್ಚಿನ ಮಕ್ಕಳಿಗೆ ಉತ್ತರ ಹೊಳೆಯುತ್ತದೆ. ಸಿರಿ ತಡಮಾಡದೆ "ಎರಡರಲ್ಲೂ ಅಷ್ಟೇ" ಎಂದಳು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ನನ್ನ ಮುಖ ನೋಡಿದಳು. ಬೆರಳು ಬಾಯಿಗೆ ಹೋಯಿತು. "ಅಲ್ಲ... ಉದ್ದದ್ದರಲ್ಲಿ ಜಾಸ್ತಿಯಾ?"

ಗೊತ್ತಿದ್ದ ಉತ್ತರವನ್ನು ದೊಡ್ಡವರ ಮುಖ ನೋಡಿ ಬಿಟ್ಟುಕೊಡುವ ಮಗುವಿಗೆ ಆ ಅಭ್ಯಾಸ ಎಲ್ಲಿಂದ ಬಂತು? ಸುಳಿವು ಕೊಟ್ಟವರು ತಾಯಿಯೇ, ಬೇರೆ ಏನೋ ಹೇಳುವಾಗ. ಜನವರಿಯಲ್ಲಿ ಶಾಲೆಯವರು ನೆರಳಿನ ಚಟುವಟಿಕೆ ಕೊಟ್ಟಿದ್ದರು. ಅಂಗಳದಲ್ಲಿ ಕೋಲು ನೆಟ್ಟು, ಬೆಳಿಗ್ಗೆಯಿಂದ ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಗುರುತು ಹಾಕಬೇಕು. ಸಿರಿ ರಂಗೋಲಿ ಪುಡಿಯಲ್ಲಿ ಚುಕ್ಕೆ ಇಟ್ಟಳು. ಅವಳ ಚುಕ್ಕೆಗಳ ಪ್ರಕಾರ ಅತಿ ಗಿಡ್ಡ ನೆರಳು ಬಿದ್ದದ್ದು ಹನ್ನೆರಡೂವರೆಗೆ. ತಾಯಿ ಪುಸ್ತಕ ನೋಡಿ, "ಹನ್ನೆರಡಕ್ಕೇ ಗಿಡ್ಡ ಇರಬೇಕು, ನೀನು ತಪ್ಪು ಹಾಕಿದ್ದೀಯ" ಎಂದು ಆ ಚುಕ್ಕೆಗಳನ್ನು ಅಳಿಸಿ, ಹನ್ನೆರಡಕ್ಕೆ ಸರಿಹೊಂದುವಂತೆ ಚಾರ್ಟ್ ಬರೆಸಿದರು.

ಮಗುವಿನ ಚುಕ್ಕೆಯೇ ಸರಿಯಾಗಿತ್ತು. ನಮ್ಮ ಗಡಿಯಾರಗಳು ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ಮಲೆನಾಡು ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ ಅರ್ಧ ಗಂಟೆ ತಡ, ಜನವರಿಯಲ್ಲಿ ಇನ್ನೂ ಕೆಲವು ನಿಮಿಷ ಹೆಚ್ಚು. ಅಂಗಳದಲ್ಲಿ ಕಣ್ಣಾರೆ ಕಂಡದ್ದನ್ನು ಅಳಿಸಿ, ಪುಸ್ತಕದಲ್ಲಿದ್ದದ್ದನ್ನು ಅವಳ ಕೈಯಿಂದಲೇ ಬರೆಸಲಾಗಿತ್ತು. ಇಂಥದ್ದು ನಾಲ್ಕಾರು ಸಲ ಆದರೆ ಯಾವ ಮಗುವಾದರೂ "ನೀನೇ ಮಾಡು" ಎನ್ನುತ್ತದೆ.

ತಾಯಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಶಾಲೆಯಲ್ಲಿ ಎಲ್ಲರ ಮಾದರಿಗಳೂ ಚೆನ್ನಾಗಿರುತ್ತವೆ ಮೇಡಂ, ಇವಳದ್ದು ಮಾತ್ರ ಸೊಟ್ಟಗಿದ್ದರೆ?" ಎಂದರು. ನಿಜ ಕಾರಣ ಅದೊಂದೇ ಆಗಿರಲಿಲ್ಲ. ತರಬೇತಿ ಪಡೆದ ಶಿಕ್ಷಕಿಗೆ ತರಗತಿಯೇ ಇಲ್ಲದೆ ಎಂಟು ವರ್ಷ ಕಳೆದಿತ್ತು. ಉಳಿದಿದ್ದ ವಿದ್ಯಾರ್ಥಿನಿ ಒಬ್ಬಳೇ. ಇದರ ಬಗ್ಗೆ ನಾವಿಬ್ಬರೇ ಮಾತಾಡಿದ ಗಂಟೆ, ಮಗುವಿನ ಜೊತೆ ಕಳೆದ ಗಂಟೆಗಳಷ್ಟೇ ಮುಖ್ಯವಾಗಿತ್ತು. ಅಲ್ಲಿ ಹೇಳಿದ್ದೆಲ್ಲ ಇಲ್ಲಿಗೆ ಬೇಡ.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ನಿಲ್ಲಿಸುವುದರ ಬಗ್ಗೆ. ಅಂಗಡಿಯಿಂದ ತಂದ ಕಿಟ್‌ಗಳನ್ನು ಸದ್ಯಕ್ಕೆ ಅಟ್ಟಕ್ಕೆ ಹಾಕಿ. ಮಗಳು ಮಾಡಿದ್ದನ್ನು ಫೋಟೋ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಇದಕ್ಕೆ ಅವರು ಕಿಟ್‌ಗಳಿಗಿಂತ ಹೆಚ್ಚು ಹಿಂಜರಿದರು.

ಆ ಜಾಗಕ್ಕೆ ಮನೆಯ ನಿಜವಾದ ಕೆಲಸ ಬರಲಿ ಎಂದೆ. ಅಕ್ಕಿ ಅಳೆಯುವುದು ಸಿರಿಯ ಪಾಲಿಗೆ. ಅವರ ಮನೆಯಲ್ಲಿ ಇನ್ನೂ ಪಾವು, ಸೇರು ಇದ್ದವು. ನಾಲ್ಕು ಪಾವು ಸುರಿದು ಒಂದು ಸೇರು ತುಂಬಿಸಿದ ಮಗುವಿಗೆ ಕಾಲು, ಅರ್ಧ, ಮುಕ್ಕಾಲನ್ನು ಬಣ್ಣದ ರಟ್ಟಿನ ವೃತ್ತದಲ್ಲಿ ತೋರಿಸುವ ಅಗತ್ಯ ಬೀಳುವುದಿಲ್ಲ. ಅಳತೆ ತಪ್ಪಿ ಒಂದು ದಿನ ಅನ್ನ ಹೆಚ್ಚಾದರೆ ಮರುದಿನ ಚಿತ್ರಾನ್ನವಾಗುತ್ತದೆ, ಅಷ್ಟೇ. ತಂದೆಗೂ ಒಂದು ಕೆಲಸ ಬಿತ್ತು. "ಓದಿನದ್ದೆಲ್ಲ ಅವಳೇ ನೋಡಿಕೊಳ್ಳುತ್ತಾಳೆ" ಎಂದು ಕೈತೊಳೆದುಕೊಂಡಿದ್ದವರು ವಾರದ ಸಂತೆಗೆ ಮಗಳನ್ನು ಕರೆದೊಯ್ದು, 100 ರೂಪಾಯಿ ಅವಳ ಕೈಗೆ ಕೊಟ್ಟು ತರಕಾರಿ ಕೊಳ್ಳಿಸಬೇಕು. ಚಿಲ್ಲರೆ ಎಣಿಸಿಕೊಳ್ಳುವವಳು ಅವಳೇ.

ತಾಯಿ ಆಮ್ಲ–ಪ್ರತ್ಯಾಮ್ಲದ ಕಿಟ್ ಒಂದನ್ನು ತರಿಸಿಟ್ಟಿದ್ದರು. ಅದೇ ಮನೆಯ ಅಜ್ಜಿ ಹಬ್ಬಹಬ್ಬಕ್ಕೂ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಆರತಿ ಮಾಡುತ್ತಿದ್ದರು! ಅರಿಶಿನದ ನೀರಿಗೆ ಸುಣ್ಣದಂತೆಯೇ ಪ್ರತ್ಯಾಮ್ಲವಾದ ಸಾಬೂನು ನೀರು ಬಿದ್ದರೂ ಕೆಂಪಾಗುತ್ತದೆ, ಆಮೇಲೆ ಆಮ್ಲವಿರುವ ಲಿಂಬೆರಸ ಹಿಂಡಿದರೆ ಹಳದಿ ಮರಳುತ್ತದೆ. ಮಗು ಹಿತ್ತಿಲಲ್ಲಿ ಕುಳಿತು ದಾಸವಾಳದ ರಸ, ಹುಣಸೆ ನೀರು, ಪಾತ್ರೆ ತೊಳೆಯುವ ಪುಡಿ ಎಲ್ಲವನ್ನೂ ಹೀಗೇ ಪರೀಕ್ಷಿಸಲಿ. ಸುಣ್ಣವನ್ನು ಮಾತ್ರ ಅಜ್ಜಿಯೇ ಹಾಕಬೇಕು, ಕಣ್ಣಿಗೆ ಸಿಡಿದರೆ ಅಪಾಯ.

ಅಜ್ಜಿಯ ಜೊತೆ ಚೌಕಾಬಾರ ಶುರುವಾಯಿತು. ನಾಲ್ಕು ಕವಡೆ, ಐದೈದರ ಮನೆ. ಎಲ್ಲ ಕವಡೆ ಅಂಗಾತ ಬಿದ್ದರೆ ನಾಲ್ಕು, ಎಲ್ಲ ಮಗುಚಿ ಬಿದ್ದರೆ ಎಂಟು. ಯಾವ ಕಾಯಿ ನಡೆಸಿದರೆ ಕಡಿಯಬಹುದು, ಯಾವುದನ್ನು ಕಟ್ಟೆಯಲ್ಲಿ ಕಾಯಿಸಬೇಕು ಎಂಬ ಲೆಕ್ಕವೆಲ್ಲ ತಲೆಯಲ್ಲೇ ನಡೆಯಬೇಕು. ಆದರೆ ಮುಂದಿನ ಭೇಟಿಯಲ್ಲಿ ಗೊತ್ತಾದದ್ದು, ಅಜ್ಜಿ ಬೇಕೆಂದೇ ಸೋಲುತ್ತಿದ್ದರು, ಮೊಮ್ಮಗಳ ಕಾಯಿಯನ್ನು ತಾವೇ ಎತ್ತಿ ಒಳ್ಳೆಯ ಮನೆಗೆ ಇಡುತ್ತಿದ್ದರು. ಅವರನ್ನು ಕೇಳಿದರೆ, "ಸೋತರೆ ಮಗು ಅಳುತ್ತದಲ್ಲ ತಾಯಿ" ಎಂದರು. ಅಳಲಿ, ನೀವು ಕಡಿಯುವುದನ್ನು ಕಡಿಯಿರಿ ಎಂದೆ. ಅಮ್ಮ ಕತ್ತರಿ ಕಿತ್ತುಕೊಂಡದ್ದಕ್ಕೂ ಅಜ್ಜಿ ಕಾಯಿ ನಡೆಸಿದ್ದಕ್ಕೂ ಮಗುವಿಗೆ ಬಂದ ಅರ್ಥ ಒಂದೇ: ಇದು ನಿನ್ನಿಂದ ಆಗದು.

ಮಾತಿನ ಬಗ್ಗೆಯೂ ಒಂದು ಸೂಚನೆ ಕೊಟ್ಟೆ. "ಹೀಗೆ ಮಾಡು" ಎನ್ನುವ ಕಡೆಯಲ್ಲಿ "ಏನಾಗಬಹುದು ಅನಿಸುತ್ತದೆ?" ಎಂದು ಕೇಳಿ, ಸುಮ್ಮನೆ ಕಾಯಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಿಕೆಗಳನ್ನು ಪರಿಶೀಲಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುವುದು ಕಂಡುಬಂದಿತ್ತು. ಅದು 3 ಸೆಕೆಂಡಾದರೆ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ತಾಯಿಗೆ ಇದು ಬಿ.ಎಡ್. ಓದಿನಲ್ಲಿ ಬಂದಿತ್ತಂತೆ. ಮನೆಯಲ್ಲಿ ಪಾಲಿಸುವುದು ಬೇರೆ ಮಾತು. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಮೂರು ಸೆಕೆಂಡೂ ಉದ್ದವೇ.

ಪೋಷಕರ ಒಪ್ಪಿಗೆಯ ಮೇಲೆ ತರಗತಿಯ ಶಿಕ್ಷಕಿಯನ್ನೂ ಕಂಡೆ. ಮಾದರಿಗಳನ್ನು ಮಾಡುವವರು ಅಮ್ಮಂದಿರು, ಇಲ್ಲವೇ ಸ್ಟೇಷನರಿ ಅಂಗಡಿಯವರು ಎಂಬುದು ಅವರಿಗೆ ಗೊತ್ತೇ ಇತ್ತು. "ಪ್ರದರ್ಶನದ ದಿನ ಪೋಷಕರೇ ಒಂದಕ್ಕೊಂದು ಹೋಲಿಸುತ್ತಾರೆ. ಸೊಟ್ಟಗಿದ್ದರೆ, ನೀವು ಏನು ಕಲಿಸಿದ್ದೀರಿ ಎಂದು ನಮ್ಮನ್ನೇ ಕೇಳುತ್ತಾರೆ" ಎಂದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಚಟುವಟಿಕೆ, ಶೋಧನೆ, ಅನ್ವೇಷಣೆಯ ಮೂಲಕ ಕಲಿಕೆ ನಡೆಯಬೇಕು ಎನ್ನುತ್ತದೆ. ಶೋಧಿಸಬೇಕಾದವರು ಮಕ್ಕಳು ತಾನೇ? 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೊದಲಾದ ನಲಿ–ಕಲಿ ಎಂಬ ಚಟುವಟಿಕೆಯ ಪದ್ಧತಿಯಲ್ಲಿ ಮಗು ತನ್ನ ಕಲಿಕೆಯ ಮೆಟ್ಟಿಲಿನ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ, ತನ್ನ ವೇಗದಲ್ಲಿ ಮುಂದೆ ಹೋಗುತ್ತದೆ. ಮಕ್ಕಳೇ ಮಾಡಿದ್ದು ತರಗತಿಯಲ್ಲಿ ತಲೆಯ ಮೇಲೆ ದಾರ ಎಳೆದು ಕಟ್ಟಿದ ಕಲಿಕಾ ಚಪ್ಪರದಲ್ಲಿ ತೂಗುತ್ತದೆ, ಸೊಟ್ಟಗಿದ್ದರೂ. ಹೆಚ್ಚು ಶುಲ್ಕ ಕೊಟ್ಟು ಸೇರಿಸಿದ ಶಾಲೆಯಲ್ಲಿ ಅಷ್ಟಾದರೂ ಬೇಡವೇ ಎಂದು ನಾನು ಶಿಕ್ಷಕಿಯನ್ನು ಕೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಅವರು ತಮ್ಮ ಮಿತಿಯಲ್ಲಿ ಒಂದು ದಾರಿ ಹುಡುಕಿದರು. ಚಟುವಟಿಕೆಯನ್ನು ಮನೆಗೆ ಕಳುಹಿಸದೆ ಶುಕ್ರವಾರದ ಕೊನೆಯ ಎರಡು ಅವಧಿಗಳಲ್ಲಿ ತರಗತಿಯಲ್ಲೇ ಮಾಡಿಸುವುದು, ಮನೆಯಿಂದ ಹಳೆಯ ರಟ್ಟು, ದಾರ, ಬಾಟಲಿ ಮುಚ್ಚಳ ತಂದರೆ ಸಾಕು.

ಬದಲಾವಣೆ ನೆಟ್ಟಗಿನ ದಾರಿಯಲ್ಲಿ ಬರಲಿಲ್ಲ. ಮೊದಲ ಶುಕ್ರವಾರ ಸಿರಿ ಏನನ್ನೂ ಮಾಡದೆ ಕುಳಿತಿದ್ದಳು. ತಾಯಿ ಎರಡು ಸಲ ಮಾತಿಗೆ ತಪ್ಪಿ ಅವಳ ನೋಟ್‌ಬುಕ್ಕಿನ ಚಿತ್ರ ತಿದ್ದಿದರು, ಎರಡು ಸಲವೂ ತಾವಾಗಿಯೇ ಬಂದು ಹೇಳಿದರು. ಹೊಟ್ಟೆನೋವು ಕಡಿಮೆಯಾಯಿತು. ಉಗುರು ಕಚ್ಚುವುದು ಪರೀಕ್ಷೆಯ ವಾರದಲ್ಲಿ ಈಗಲೂ ಇದೆ.

ಹುರುಳಿಕಾಳಿನ ಪ್ರಯೋಗದ ಹೊತ್ತಿಗೆ ಒಂದು ತಿರುವು ಕಂಡಿತು. ಎರಡು ಲೋಟಗಳಲ್ಲಿ ಒದ್ದೆ ಹತ್ತಿಯ ಮೇಲೆ ಕಾಳು ಹಾಕಿ, ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಬೀರುವಿನೊಳಗೆ ಇಡಬೇಕು. ಗಿಡ ಬೆಳೆಯಲು ಬೆಳಕು ಬೇಕು ಎಂದು ಪಾಠದಲ್ಲಿದೆ, ಆದ್ದರಿಂದ ಹಲವು ಮಕ್ಕಳು ಬೀರುವಿನ ಕಾಳು ಬೆಳೆಯಲೇ ಇಲ್ಲ ಎಂದು ಬರೆದರು. ಸಿರಿ ಬರೆದದ್ದು: "ಕತ್ತಲೆಯಲ್ಲಿ ಇಟ್ಟಿದ್ದು ಉದ್ದ ಬೆಳೆಯಿತು. ಹಳದಿ ಇದೆ. ಬಾಗಿದೆ." ಅದೇ ಸರಿ. ಬೆಳಕು ಸಿಗದ ಮೊಳಕೆ ಬೀಜದೊಳಗಿನ ಆಹಾರ ಮುಗಿಯುವವರೆಗೆ ಬೆಳಕನ್ನು ಹುಡುಕುತ್ತ ನೀಳವಾಗಿ, ಬಿಳಿಚಿಕೊಂಡು ಬೆಳೆಯುತ್ತದೆ; ಸೊರಗುವುದು ಆಮೇಲೆ. ಗೆಳತಿಯೊಬ್ಬಳು ಸುಳ್ಳು ಎಂದದ್ದಕ್ಕೆ ಸಿರಿ ಲೋಟವನ್ನೇ ತರಗತಿಗೆ ಒಯ್ದು ಅಡಿಪಟ್ಟಿಯಿಂದ ಅಳೆದು ತೋರಿಸಿದಳಂತೆ. "ನನಗೂ ಅದು ತಪ್ಪು ಅನಿಸಿತ್ತು ಮೇಡಂ, ತಿದ್ದಲು ಹೋಗಿ ಕೈ ಹಿಂದೆಗೆದುಕೊಂಡೆ" ಎಂದು ತಾಯಿ ನಕ್ಕರು. ವರ್ಷದ ಕೊನೆಯ ಪ್ರದರ್ಶನದಲ್ಲಿ ಸಿರಿ ತಾನೇ ಅಂಟಿಸಿದ ಬಾವಿ–ರಾಟೆಯ ಮಾದರಿಗೆ ಬಿ ಶ್ರೇಣಿ ಬಂತು. ರಾಟೆ ತಿರುಗುತ್ತಿತ್ತು, ಬಾವಿ ವಾಲಿತ್ತು.

ತಾಯಿ ಈಗ ಹತ್ತಿರದ ಶಾಲೆಯೊಂದರಲ್ಲಿ ಅರೆಕಾಲಿಕ ಶಿಕ್ಷಕಿ. ಕೊನೆಯ ಭೇಟಿಯಲ್ಲಿ ಅವರ ಪ್ರಶ್ನೆ ಬೇಸಿಗೆ ಶಿಬಿರದ್ದು: ಸೇರಿಸಬಹುದೇ, ಯಾವುದಕ್ಕೆ? ಶುಲ್ಕ, ಸಮವಸ್ತ್ರ, ಬಸ್ ಸೌಕರ್ಯ ನೋಡುವ ಮೊದಲು ಕಳೆದ ವರ್ಷ ಅಲ್ಲಿ ಮಕ್ಕಳು ಮಾಡಿದ ಕೆಲಸಗಳನ್ನು ತೋರಿಸಲು ಕೇಳಿ ಎಂದೆ. ಮೂವತ್ತು ಮಕ್ಕಳ ಮೂವತ್ತು ಮಣ್ಣಿನ ಗಣಪತಿಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ಕಂಡರೆ ಬೇರೆ ಶಿಬಿರ ನೋಡಿ. ಸೇರುವುದೋ ಬೇಡವೋ ಎಂದು ಸಿರಿಯನ್ನೂ ಕೇಳಿ, ಕೇಳಿದ ಮೇಲೆ ಸ್ವಲ್ಪ ಕಾಯಿರಿ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಭಾನುವಾರದ ಹೊಟ್ಟೆನೋವು ಮರಳಿದರೆ ಮುಂದಿನ ಪ್ರದರ್ಶನದವರೆಗೆ ಕಾಯದೆ ಕರೆತರಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.