ಪ್ರತಿಕ್ರಿಯೆ: ಎಂಟನೇ ಕ್ಲಾಸು ಮತ್ತು ಗುಡ್ಡ ಕುಸಿತದ ವಿಡಿಯೋ

ಅಂಕೋಲೆಯ ನಿಮ್ಮ ಎಂಟನೇ ಕ್ಲಾಸಿನ ಮಕ್ಕಳು ವಾಟ್ಸಾಪಿನಲ್ಲಿ ಬಂದ ‘ಶಿರೂರು ಗುಡ್ಡ ಮತ್ತೆ ಕುಸಿಯಿತು’ ವಿಡಿಯೋವನ್ನು ನಂಬುವುದು ಬಿಡುತ್ತಿಲ್ಲ ಅಂದಿರಲ್ಲ, ಅವರು ನಂಬುತ್ತಿರುವುದು ವಿಡಿಯೋವನ್ನಲ್ಲ, ಕಳಿಸಿದವರನ್ನು. ಮನೆ ಗ್ರೂಪಿಗೆ ಮಾವ ಹಾಕಿದ್ದನ್ನು ನೀವು ಸುಳ್ಳು ಅಂದರೆ, ಮಾವನನ್ನೇ ಸುಳ್ಳುಗಾರ ಅಂದ ಹಾಗೆ ಕೇಳಿಸುತ್ತದೆ. ಹಾಗಾಗಿ ಆ ವಿಡಿಯೋವನ್ನೇ ಪಾಠ ಮಾಡಿ.

ಮೊದಲು ನಿಜವಾದ ಫೋಟೋ ತೋರಿಸಿ. ಸುಳ್ಳಿನಿಂದ ಶುರು ಮಾಡಿದರೆ ಆಮೇಲೆ ಪೇಪರನ್ನೂ ನಂಬುವುದಿಲ್ಲ. 2024ರ ಜುಲೈ 16ರ ಶಿರೂರು ಕುಸಿತದ ಪತ್ರಿಕಾ ಫೋಟೋ ಒಂದು ಸಾಕು. ಹೆದ್ದಾರಿ 66 ಎಲ್ಲಿ, ಗಂಗಾವಳಿ ನದಿ ಯಾವ ಕಡೆ, ಗುಡ್ಡ ಯಾವ ಕಡೆ, ಅವರೇ ಹೇಳಲಿ. ಊರಿನ ಮಕ್ಕಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಆಮೇಲೆ ಫಾರ್ವರ್ಡ್ ವಿಡಿಯೋ ಹಾಕಿ, ಸೌಂಡ್ ಬಂದ್ ಮಾಡಿ. ಅರ್ಧ ಭಯ ಆ ಮ್ಯೂಸಿಕ್ಕಿನದ್ದೇ, ಅಲ್ವಾ? ಪಕ್ಕದಲ್ಲಿ ನದಿ ಇದೆಯಾ? ಬೋರ್ಡ್ ಯಾವ ಭಾಷೆಯಲ್ಲಿದೆ? ಗಾಡಿ ನಂಬರ್ ಕಾರವಾರ ಕಡೆಯ ಕೆಎ 30 ಇದೆಯಾ? ಹೆದ್ದಾರಿ ಅಂದಮೇಲೆ ಗೋವಾ, ಕೇರಳದ ಗಾಡಿಗಳೂ ಇರುತ್ತವೆ, ಹಾಗಾಗಿ ಸುಮ್ನೆ ನಂಬರ್ ಪ್ಲೇಟ್ ನೋಡಿ ತೀರ್ಮಾನಿಸಬೇಡಿ.

ಕೊನೆಗೆ ವಿಡಿಯೋ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಫೋಟೋ ಕೊಟ್ಟರೆ ಅಂಥದ್ದೇ ಫೋಟೋ ಹುಡುಕುವ ಗೂಗಲ್ ಲೆನ್ಸಿನಲ್ಲಿ ಹುಡುಕಿ. ನಿಮ್ಮ ಒಂದೇ ಫೋನ್ ಸಾಕು. ಹಳೇ ತಾರೀಕಿನಲ್ಲಿ ಅದೇ ದೃಶ್ಯ ಸಿಕ್ಕರೆ ಮುಗಿಯಿತು. ಸಿಗದಿದ್ದರೆ ವಿಡಿಯೋ ನಿಜ ಅಂತಲ್ಲ, ಲೆನ್ಸಿಗೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಆಗ ಬೋರ್ಡ್ ಮೇಲೆ ‘ಇನ್ನೂ ಗೊತ್ತಿಲ್ಲ’ ಅಂತ ಬರೆಯಿರಿ. ಗೊತ್ತಾಗುವ ತನಕ ಯಾರೂ ಮುಂದೆ ಕಳಿಸುವ ಹಾಗಿಲ್ಲ.