ಮರ ಹತ್ತಿ ಅನ್ನಲಾ, ಬೇಡ ಅನ್ನಲಾ?

ಪ್ರಶ್ನೆ: ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ನಮ್ಮನೆಯವರಿಗೆ 38 ವರ್ಷ. ಇಪ್ಪತ್ತನೇ ವಯಸ್ಸಿನಿಂದ ಅಡಿಕೆ ಮರ ಹತ್ತುವ ಕೆಲಸ. ಕೊನೆ (ಅಡಿಕೆ ಗೊನೆ) ಕೊಯ್ಯುವುದಕ್ಕೂ ಕೊಳೆರೋಗದ ಔಷಧಿ ಹೊಡೆಯುವುದಕ್ಕೂ ಊರಿಗೇ ಹೆಸರಾದವರು. ಕಳೆದ ಆಗಸ್ಟ್‌ನಲ್ಲಿ ಎರಡನೇ ಸಲದ ಔಷಧಿ ಹೊಡೆಯುವಾಗ ಮರದಿಂದ ಬಿದ್ದರು. ತೊಡೆಯ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಮೂಳೆ ಕೂಡಿದೆ, ಇನ್ನು ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರು ಹೇಳಿ ಎರಡು ತಿಂಗಳಾಯಿತು. ಆದರೆ ಇವರು ತೋಟದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಪೇಟೆಗೆ ಹೋಗಲೂ ತೋಟದ ದಾರಿ ಬಿಟ್ಟು ಸುತ್ತು ಹಾಕುತ್ತಾರೆ. ರಾತ್ರಿ ಬೆಚ್ಚಿ ಏಳುತ್ತಾರೆ, ಹಾಸಿಗೆಯೆಲ್ಲ ಬೆವರು. ಪಾತ್ರೆ ಬಿದ್ದರೂ ಕೂಗಾಡುತ್ತಾರೆ. ಮಗಳು ಅಪ್ಪನ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಾಳೆ. ಸಂಜೆ ಕುಡಿಯುವುದು ಶುರುವಾಗಿದೆ. ಮೊನ್ನೆ "ಅವತ್ತೇ ಹೋಗಿಬಿಟ್ಟಿದ್ರೆ ಚೆನ್ನಾಗಿತ್ತು" ಅಂದರು. ಅವತ್ತು ಹಾಕಿಕೊಂಡಿದ್ದ, ಮೈಲುತುತ್ತದ ನೀಲಿ ಕಲೆಯ ಅಂಗಿ ಬಚ್ಚಲಮನೆಯ ಮೊಳೆಯಲ್ಲೇ ಇದೆ. ಹಾಕುವುದೂ ಇಲ್ಲ, ಎಸೆಯಲೂ ಬಿಡುವುದಿಲ್ಲ. "ಒಂದು ಸಲ ಬಲವಂತವಾಗಿ ಹತ್ತಿಸಿಬಿಡಿ, ಭಯ ಓಡಿಹೋಗುತ್ತೆ" ಅಂತ ಭಾವ. "ತೋಟದ ಹೆಸರೇ ಎತ್ತಬೇಡ" ಅಂತ ಅತ್ತೆ. ಮಳೆ ಹತ್ತಿರ ಬಂತು. ನಾನು ಹತ್ತಿ ಅನ್ನಲಾ, ಬೇಡ ಅನ್ನಲಾ? (ಹೆಸರು ಬೇಡ)

ತಂಗಿ,

ಎಲ್ಲಕ್ಕಿಂತ ಮೊದಲು ಆ ಒಂದು ಮಾತಿನ ವಿಷಯ. "ಅವತ್ತೇ ಹೋಗಿಬಿಟ್ಟಿದ್ರೆ" ಅಂದದ್ದನ್ನು ಬೇಜಾರಿನ ಮಾತು ಅಂತ ಬಿಡಬೇಡಿ. ಇವತ್ತೇ, ಇಬ್ಬರೇ ಇರುವಾಗ, ಅವರು ಕುಡಿಯದೆ ಇರುವಾಗ ನೇರವಾಗಿ ಕೇಳಿ. "ಸಾಯ್ಬೇಕು ಅನ್ನಿಸ್ತಿದೆಯಾ? ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬಂದಿದೆಯಾ?" ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಒಳಗೇ ಇಟ್ಟುಕೊಂಡದ್ದನ್ನು ಹೇಳಿಕೊಳ್ಳಲು ಅವರಿಗೊಂದು ದಾರಿ ಸಿಗುತ್ತದೆ. ಮನೆಯಲ್ಲಿ ಕಳೆನಾಶಕ, ಕೀಟನಾಶಕ, ಮೈಲುತುತ್ತ ಏನಿದ್ದರೂ ನಂಬಿಕೆಯ ಒಬ್ಬರ ಮನೆಗೆ ಸಾಗಿಸಿ, ಬೀಗದೊಳಗೆ ಇಡಿಸಿ. ಅವರು ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವರು ಮಾಡದಿದ್ದರೆ ನೀವು ಮಾಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ನಿಮ್ಮನೆಯವರು ಹೇಡಿಯಲ್ಲ, ಸೋಮಾರಿಯೂ ಅಲ್ಲ. ಹದಿನೆಂಟು ವರ್ಷ ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಜೀಕಿಕೊಂಡು ಹೋದವರಿಗೆ ಧೈರ್ಯದ ಪಾಠ ಯಾರೂ ಹೇಳಬೇಕಾಗಿಲ್ಲ. ನೀವು ಬರೆದದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಬೆಚ್ಚಿ ಏಳುವುದು, ಸಣ್ಣ ಸದ್ದಿಗೂ ಸಿಡಿಯುವುದು, ಬಿದ್ದ ಜಾಗದ ದಾರಿಯನ್ನೇ ತಪ್ಪಿಸುವುದು, ಮಗಳಿಂದಲೂ ದೂರವಾಗುವುದು. ಪೆಟ್ಟಾದ ಮೊದಲ ಕೆಲವು ವಾರ ಇದು ಹೆಚ್ಚಿನವರಿಗೆ ಇರುತ್ತದೆ, ತಾನಾಗಿಯೇ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಬಿಡದೆ ಸಂಸಾರ, ಕೆಲಸ ಎಲ್ಲ ಕೆಡಿಸುತ್ತಿದ್ದರೆ ಡಾಕ್ಟರುಗಳು ಅದನ್ನು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮನಸ್ಸಿನ ಕಾಯಿಲೆ, ಎಂದು ಗುರುತಿಸುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ ಈ ಹೆಸರನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಯುದ್ಧದಿಂದ ಬಂದ ಸೈನಿಕರಿಗೆ ಮಾತ್ರ ಬರುವುದಲ್ಲ ಇದು. ರಸ್ತೆ ಅಪಘಾತ, ಬೆಂಕಿ ಅನಾಹುತ, ಮರದಿಂದ ಬೀಳುವುದು, ಯಾವುದರಿಂದಲೂ ಬರಬಹುದು. ನಿಮ್ಮನೆಯವರಿಗೆ ಇರುವುದು ಇದೇನಾ ಅಂತ ಅವರನ್ನು ನೋಡಿದ ಡಾಕ್ಟರೇ ಹೇಳಬೇಕು. ನನಗೆ ಹಾಗೆ ಕಾಣುತ್ತಿದೆ.

ಒಳಗೆ ಏನಾಗುತ್ತದೆ ಗೊತ್ತಾ? ಸಾಮಾನ್ಯ ನೆನಪು ಹಳೆಯದಾಗುತ್ತದೆ. ಹೋದ ವರ್ಷದ ಮದುವೆ ಊಟ ನೆನಪಾದರೆ ಅದು ಮುಗಿದದ್ದು ಅಂತ ಮನಸ್ಸಿಗೆ ಗೊತ್ತಿರುತ್ತದೆ. ಜೀವ ಹೋಗುವಷ್ಟು ಭಯವಾದ ಗಳಿಗೆ ಹಾಗೆ ಹಳತಾಗುವುದಿಲ್ಲ. ಯಾವುದೋ ಬಣ್ಣ, ವಾಸನೆ, ಸದ್ದು ಸಾಕು, ಈಗಲೇ ಬೀಳುತ್ತಿದ್ದೇನೆ ಅಂತ ಮೈ ನಂಬಿಬಿಡುತ್ತದೆ. ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಯೋಚಿಸುವ ಮೊದಲೇ ಇದೆಲ್ಲ ಆಗಿರುತ್ತದೆ. ಅದಕ್ಕೇ "ಧೈರ್ಯ ತಗೋ" ಅನ್ನುವ ಮಾತು ನಾಟುವುದಿಲ್ಲ. ಮಳೆ ಹತ್ತಿರವಾಗುತ್ತಿದ್ದ ಹಾಗೆ ಇದು ಜಾಸ್ತಿಯೂ ಆಗಬಹುದು. ಅದೇ ಮೋಡ, ಅದೇ ಪಾಚಿ ಕಟ್ಟಿದ ಮರ, ಬ್ಯಾರಲ್ಲಿನಲ್ಲಿ ಅದೇ ನೀಲಿ ನೀರು. ಆಗಸ್ಟ್ ತಿಂಗಳಲ್ಲಿ ಒಂದು ಕಣ್ಣು ಅವರ ಮೇಲೆ ಇಟ್ಟಿರಿ.

ನಿಮ್ಮ ಭಾವನ ಮಾತು ಕೇಳಬೇಡಿ. ಹೆದರಿದ್ದರ ಹತ್ತಿರ ಮತ್ತೆ ಹೋಗುವುದೇ ಚಿಕಿತ್ಸೆಯ ಒಂದು ಭಾಗ ಅನ್ನುವುದು ನಿಜ. ಆದರೆ ಅದು ತಿಳಿದವರು ಜೊತೆಗಿದ್ದು, ನಿಮ್ಮನೆಯವರ ಒಪ್ಪಿಗೆ ಪಡೆದು, ಒಂದೊಂದೇ ಹೆಜ್ಜೆಯಾಗಿ ಮಾಡಿಸುವ ಕೆಲಸ. ಬಲವಂತವಾಗಿ ಹತ್ತಿಸಿದರೆ, ಮಧ್ಯದಲ್ಲಿ ಕೈಕಾಲು ನಡುಗಿದರೆ ಏನು ಗತಿ? ಇನ್ನೂ ಒಂದು ಮಾತಿದೆ. ಜಿರಳೆಗೆ ಹೆದರುವವರ ಭಯ ಸುಳ್ಳು ಭಯ. ಪಾಚಿ ಕಟ್ಟಿದ ಅಡಿಕೆ ಮರದ ಭಯ ಸುಳ್ಳಲ್ಲ. ಅಲ್ಲಿಂದ ಬಿದ್ದು ಸೊಂಟ ಕಳೆದುಕೊಂಡವರು, ಜೀವ ಕಳೆದುಕೊಂಡವರು ಮಲೆನಾಡಿನಲ್ಲಿ ಎಷ್ಟು ಜನ, ನಿಮಗೇ ಗೊತ್ತು. ಹಾಗಾಗಿ ಅವರನ್ನು ಮತ್ತೆ ಮರ ಹತ್ತಿಸುವುದೇ ಗುರಿ ಅಂತ ನಾನು ಒಪ್ಪುವುದಿಲ್ಲ. ಅವರಿಗೆ ರಾತ್ರಿ ನಿದ್ದೆ ಬರಬೇಕು. ತೋಟದ ದಾರಿಯಲ್ಲಿ ನಡೆಯಲು ಆಗಬೇಕು. ಮಗಳು ತೊಡೆಯ ಮೇಲೆ ಕೂರಬೇಕು. ಹತ್ತುವುದು ಬಿಡುವುದು ಆಮೇಲೆ ಅವರೇ ತೀರ್ಮಾನಿಸಲಿ.

ಅತ್ತೆಯ ಮಾತೂ ಪೂರ್ತಿ ಸರಿಯಲ್ಲ. ತೋಟದ ಹೆಸರನ್ನೇ ಎತ್ತದಿದ್ದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಮೊದಲು ಮರ, ಆಮೇಲೆ ತೋಟ, ಆಮೇಲೆ ತೋಟದ ದಾರಿ. ಸುತ್ತು ಹಾಕಿ ಪೇಟೆಗೆ ಹೋಗುವ ಮಟ್ಟಕ್ಕೆ ಈಗಾಗಲೇ ಬಂದಿದೆ, ಅಲ್ವಾ?

ಮನೋವೈದ್ಯರ ಹತ್ತಿರ ಹೋಗಲೇಬೇಕು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಹೊರಡುವ ಮುಂಚೆ ಆಶಾ ಕಾರ್ಯಕರ್ತೆಯ ಹತ್ತಿರ ಒಂದು ಮಾತು ವಿಚಾರಿಸಿ. ಇನ್ನೂ ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. "ನನಗೇನು ಹುಚ್ಚಾ?" ಅಂತ ಅವರು ಕೇಳುತ್ತಾರೆ. "ನಿದ್ದೆ ಬರ್ತಿಲ್ಲವಲ್ಲ, ಅದಕ್ಕೆ ತೋರಿಸೋಣ" ಅನ್ನಿ. ಅದು ಸುಳ್ಳೂ ಅಲ್ಲ. ಅಲ್ಲಿ ಮೂರು ವಿಷಯ ಮರೆಯದೆ ಹೇಳಿ. ಬಿದ್ದಾಗ ತಲೆಗೆ ಪೆಟ್ಟಾಗಿತ್ತೇ, ಸ್ವಲ್ಪ ಹೊತ್ತಾದರೂ ಎಚ್ಚರ ತಪ್ಪಿತ್ತೇ? ತಲೆಯ ಪೆಟ್ಟಿನಿಂದಲೂ ಸಿಟ್ಟು, ಮರೆವು ಬರುತ್ತದೆ. ಕಾಲು ಈಗಲೂ ನೋಯುತ್ತದೆಯೇ? ನೋವು ಎದ್ದಾಗಲೆಲ್ಲ ಬಿದ್ದದ್ದು ನೆನಪಾಗುತ್ತದೆ, ಹೆದರಿ ಮೈ ಬಿಗಿ ಹಿಡಿದಷ್ಟೂ ನೋವು ಏರುತ್ತದೆ. ಎರಡಕ್ಕೂ ಒಟ್ಟಿಗೆ ಮದ್ದು ಬೇಕು. ಕುಡಿತವನ್ನಂತೂ ಮುಚ್ಚಿಡಬೇಡಿ. ನಿದ್ದೆ ಬರಲಿ ಅಂತ ಕುಡಿಯುತ್ತಿರಬಹುದು. ಆದರೆ ಅದು ಮೊದಲು ಮಲಗಿಸಿ ನಡುರಾತ್ರಿ ಎಬ್ಬಿಸಿ ಕೂರಿಸುತ್ತದೆ. ಮೆಡಿಕಲ್ ಅಂಗಡಿಯಿಂದ ನಿದ್ದೆ ಮಾತ್ರೆ ತಂದುಕೊಡುವುದು ಬೇಡವೇ ಬೇಡ.

ಈ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಇದೆ. ಮುಖ್ಯವಾದದ್ದು ಮಾತಿನ ಚಿಕಿತ್ಸೆ, ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಕೆಲವು ತಿಂಗಳು. ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು. ನಾಲ್ಕೇ ದಿನಕ್ಕೆ ನಿಲ್ಲಿಸಬೇಡಿ.

ಮನೆಯಲ್ಲಿ, ರಾತ್ರಿ ಬೆಚ್ಚಿ ಎದ್ದಾಗ ತಕ್ಷಣ ಮೈ ಮುಟ್ಟಿ ಅಲುಗಾಡಿಸಬೇಡಿ. ದೀಪ ಹಾಕಿ, ಬೇಕಾದರೆ ಹೆಸರು ಹಿಡಿದು ಮಾತಾಡಿಸಿ. ಗಂಡನ ಹೆಸರು ಕರೆಯುವ ರೂಢಿ ಇಲ್ಲದಿದ್ದರೆ "ರೀ, ಮನೆಯಲ್ಲಿದ್ದೀರಿ, ನಾನಿದ್ದೀನಿ" ಅನ್ನಿ. ಕಾಲು ತಣ್ಣನೆ ನೆಲಕ್ಕೆ ಊರಲಿ, ಒಂದು ಲೋಟ ನೀರು ಕೊಡಿ. ಮಗಳಿಗೆ "ಅಪ್ಪನಿಗೆ ಕಾಲಿನ ಹಾಗೇ ಮನಸ್ಸಿಗೂ ಪೆಟ್ಟಾಗಿದೆ, ನಿನ್ನ ಮೇಲೆ ಸಿಟ್ಟಲ್ಲ" ಅಂತ ಬಿಡಿಸಿ ಹೇಳಿ. ಮಕ್ಕಳು ತಪ್ಪು ತಮ್ಮದೇ ಅಂದುಕೊಂಡುಬಿಡುತ್ತಾರೆ.

ಕೆಲಸದ ಮಾತು ಸ್ವಲ್ಪ ತಡವಾಗಲಿ. ಅವರು ಕಳೆದುಕೊಂಡದ್ದು ಕೂಲಿ ಮಾತ್ರ ಅಲ್ಲ, ಊರಲ್ಲಿ ಇದ್ದ ಹೆಸರು ಕೂಡ. ಈಗ ಎಷ್ಟೋ ತೋಟಗಳಲ್ಲಿ ಫೈಬರ್ ದೋಟಿ (ಉದ್ದನೆಯ ಕೋಲು) ಹಿಡಿದು ನೆಲದ ಮೇಲೇ ನಿಂತು ಕೊನೆ ತೆಗೆಯುತ್ತಾರೆ, ಔಷಧಿಯನ್ನೂ ಹೊಡೆಯುತ್ತಾರೆ. ಯಾವ ಕೊನೆ ಬಲಿತಿದೆ, ಯಾವುದಕ್ಕೆ ಕೊಳೆ ತಗುಲಿದೆ ಅಂತ ಕೆಳಗಿಂದಲೇ ಹೇಳುವ ಕಣ್ಣು ಅವರಿಗಿದೆ. ಉದ್ದದ ದೋಟಿಯ ಭಾರ ಆ ಕಾಲಿಗೆ ಆಗುತ್ತದೋ ಇಲ್ಲವೋ ಮೂಳೆ ಡಾಕ್ಟರನ್ನು ಕೇಳಿಕೊಳ್ಳಿ. ಮಾತು ತೆಗೆಯುವುದು ಯಾವಾಗ ಅಂತ ನಿಮಗೇ ಹೊಳೆಯುತ್ತದೆ.

ಆ ಅಂಗಿ ಮೊಳೆಯಲ್ಲೇ ಇರಲಿ. ಒಗೆಯಬೇಡಿ, ಸುಡಬೇಡಿ, ಕಣ್ಣಿಗೆ ಕಾಣದ ಹಾಗೆ ಎತ್ತಿಡಲೂ ಬೇಡಿ. ಒಂದು ದಿನ ಅವರೇ ಕೈಹಾಕುತ್ತಾರೆ.

ಮಂಗಳವಾರ ಹೋಗಿ ಬಂದ ಮೇಲೆ ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.