ಗಂಗಮ್ಮ ಹಿಗ್ಗಲಿ, ಹರ್ಷಿಸುವುದು ಬೇಡ

ನಮಸ್ಕಾರ.

ನಿಮ್ಮ ಕಥೆ ಎರಡು ಸಲ ಓದಿದೆ. ಮದ್ದೂರು ಕಡೆಯ ಗಂಗಮ್ಮ, ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ, ಮಗಳಿಗೆ ಎಫ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕಿ) ಕೆಲಸ ಸಿಕ್ಕ ದಿನ. ವಿಷಯ ಚೆನ್ನಾಗಿದೆ. ಆದರೆ ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ.

ಫೋನ್ ಬಂದ ಜಾಗದಲ್ಲಿ ನೀವು ಹೀಗೆ ಬರೆದಿದ್ದೀರಿ: 'ಹರ್ಷ, ಉಲ್ಲಾಸ, ಸಂಭ್ರಮ ಅವಳ ಹೃದಯದಲ್ಲಿ ಮನೆಮಾಡಿದವು. ಅವರ್ಣನೀಯ ಆನಂದದಲ್ಲಿ ತೇಲಿದಳು.' ಸಮಾನಾರ್ಥಕ ಪದಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಬರೆದಂತಿದೆ, ಅಲ್ವಾ? ಒಂದರ ಜಾಗದಲ್ಲಿ ಇನ್ನೊಂದು ಕೂರುವ ಪದಗಳಲ್ಲ ಇವು.

ಸಂಭ್ರಮಕ್ಕೆ ಜನ ಬೇಕು, ಗಲಾಟೆ ಬೇಕು. ಸಂಸ್ಕೃತದಲ್ಲಿ ಅದಕ್ಕೆ ಗಡಿಬಿಡಿ, ಗಾಬರಿ ಎಂಬ ಅರ್ಥವೂ ಇದೆ. (ಮದುವೆ ಮನೆಯಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ನಿಮ್ಮ ಗಂಗಮ್ಮ ಬೆಳಗಿನ ಜಾವ ಒಬ್ಬಳೇ ಒಲೆ ಮುಂದೆ ಇದ್ದಾಳೆ. ಉಲ್ಲಾಸ ಹಗುರವಾದದ್ದು, ರಜೆಯ ದಿನ ಚೆನ್ನಾಗಿ ನಿದ್ದೆ ಮಾಡಿ ಎದ್ದವರದ್ದು. ಹರ್ಷದ ಮೂಲದಲ್ಲಿ ಮೈಯ ಕೂದಲು ನಿಮಿರುವ ಅರ್ಥವಿದೆ, ರೋಮಹರ್ಷಣ ಅಂತೀವಲ್ಲ, ಅದೇ. ಆದರೆ ಈಗ ಪತ್ರಿಕೆಗಳಲ್ಲಿ ಸಚಿವರು 'ಹರ್ಷ ವ್ಯಕ್ತಪಡಿಸಿ' ಆ ಪದದ ಕೂದಲೆಲ್ಲ ಉದುರಿಹೋಗಿದೆ.

ನಿಮಗೆ ಬೇಕಾದ ಪದ ಹಿಗ್ಗು. ಅಚ್ಚ ಕನ್ನಡದ್ದು, ಹೆಸರೂ ಹೌದು, ಕ್ರಿಯೆಯೂ ಹೌದು. ಹಳೇ ಸ್ವೆಟರ್ ಹಿಗ್ಗುತ್ತದೆ. ಬಿಸಿಲಿಗೆ ರೈಲು ಕಂಬಿ ಹಿಗ್ಗುತ್ತದೆ. ಮನುಷ್ಯರೂ ಹಾಗೇ, ಒಳಗಿನದು ಹಿಡಿಸದೆ ಅಗಲ ಆಗುತ್ತಾರೆ. ಅದಕ್ಕೇ ಅದರ ಎದುರಿಗೆ ಕುಗ್ಗು ಇರುವುದು. ಇಪ್ಪತ್ತು ವರ್ಷಗಳ ಕಾಲ ತನಗಿಂತ ಮೇಲಿನವರ ಮುಂದೆ ಕುಗ್ಗಿಯೇ ನಿಂತವಳು ಎಂದು ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ. ಹಾಗಿರುವಾಗ 'ಗಂಗಮ್ಮ ಹಿಗ್ಗಿದಳು' ಎಂಬ ಎರಡೇ ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಇದರಲ್ಲಿ ಚೂರು ಜಂಬವೂ ಸೇರಿದೆ. ಹೊಗಳಿದರೆ ಹಿಗ್ಗುತ್ತಾನೆ ಅಂತೀವಿ, ಹಿಗ್ಗಿ ಹೀರೇಕಾಯಿ ಆದ ಅಂತಲೂ ಆಡಿಕೊಳ್ಳುತ್ತೀವಿ. ಆ ಜಂಬ ಅವಳಿಗೆ ಇರಲಿ ಬಿಡಿ, ಸಂಪಾದಿಸಿದ್ದಾಳೆ.

ಇನ್ನು ಮಾತು. 'ನನಗೆ ಅತೀವ ಹರ್ಷವಾಗುತ್ತಿದೆ ಮಗಳೇ' ಎಂದು ಮದ್ದೂರಿನ ಯಾವ ತಾಯಿ ಅಂದಾಳು? 'ಹಾಲು ಕುಡ್ದಷ್ಟು ಸಂತೋಷ ಆಯ್ತು ಕಣವ್ವ' ಅಂದಾಳು. ಅಥವಾ ಏನೂ ಅನ್ನದೆ ಸೆರಗಿನಲ್ಲಿ ಮೂಗು ಒರೆಸಿಕೊಂಡಾಳು. 'ಮೋಡದ ಮೇಲೆ ನಡೆದಂತಾಯಿತು' ಅಂತಲೂ ಒಂದು ಕಡೆ ಇದೆ. ಅದು ಇಂಗ್ಲಿಷಿನ ಮೋಡ. ನಮ್ಮವರಿಗೆ ಖುಷಿ ಜಾಸ್ತಿಯಾದರೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯುತ್ತದೆ. ಅದೂ ಸವೆದ ಮಾತೇ, ಆದರೆ ನಮ್ಮದು.

ಈಗ ಒಳ್ಳೆಯ ಸುದ್ದಿ. ಆರನೇ ಪುಟದಲ್ಲಿ ಗಂಗಮ್ಮ ಲೋಟ ಹಿಡಿದು ಪಕ್ಕದ ಮನೆಗೆ ಸಕ್ಕರೆ ಸಾಲ ಕೇಳಲು ಹೋಗುತ್ತಾಳೆ. ಅವಳ ಮನೆಯ ಡಬ್ಬಿಯಲ್ಲಿ ಸಕ್ಕರೆ ತುಂಬಿದೆ. ಸುದ್ದಿ ಹೇಳಲು ಒಂದು ನೆಪ ಬೇಕಿತ್ತು, ಅಷ್ಟೆ. ಇಲ್ಲಿ ನಾನು ಓದುವುದು ನಿಲ್ಲಿಸಿ ಸುಮ್ನೆ ಕೂತೆ. ಆದರೆ ಮುಂದಿನ ಸಾಲಿನಲ್ಲೇ 'ಅವಳ ಉಲ್ಲಾಸಕ್ಕೆ ಪಾರವೇ ಇರಲಿಲ್ಲ' ಎಂದು ಬರೆದು ಆ ಲೋಟವನ್ನು ನೀವೇ ಕೆಡವಿಬಿಟ್ಟಿರಿ. ಲೋಟ ಹೇಳಿದ್ದನ್ನು ಮತ್ತೆ ಯಾಕೆ ಹೇಳುತ್ತೀರಿ?

ಒಂದು ಕೆಲಸ ಮಾಡಿ. ಎಂಟೂ ಪುಟದಲ್ಲಿ ಸಂತೋಷದ ಪದ ಬಂದ ಕಡೆಯೆಲ್ಲ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ನಾನು ಎಳೆದಾಗ ಹತ್ತೊಂಬತ್ತು ಬಂತು. ಹದಿನೆಂಟನ್ನು ಹೊಡೆದುಹಾಕಿ, ಫೋನ್ ಬಂದ ಜಾಗದಲ್ಲಿ ಒಂದೇ ಒಂದು ಹಿಗ್ಗು ಇಡಿ. ಸಕ್ಕರೆಯ ಭಾಗವನ್ನು ಮಾತ್ರ ಮುಟ್ಟಬೇಡಿ. ತಿದ್ದಿದ ಮೇಲೆ ನನಗೇ ನೇರವಾಗಿ ಕಳಿಸಿ.